ನಿನ್ನ ಖಾಲಿ ಕವರಿಗೆ ಪ್ಲೇಟು ಸಿಕ್ಕಿದೆ

ಪ್ರೀತಿಯ ದೋಸ್ತ,

ಫೋನಿನಲ್ಲಿ ಹೇಳಿದರೆ ನೀನು ನಂಬುವುದಿಲ್ಲ. ನಂಬಿದರೂ ಒಪ್ಪಿಕೊಂಡ ಮಾತನ್ನು ಮರುದಿನವೇ ಮರೆಯುತ್ತೀಯ. ಅದಕ್ಕೇ ಈ ಪತ್ರವನ್ನು ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ. ಸಾಕ್ಷಿ ಇರಲಿ.

ಮುಂಬೈಯ ಚೋರ್ ಬಜಾರಿನಲ್ಲಿ ನೀನು ಗ್ರಾಮಫೋನ್ ಪ್ಲೇಟಿನ ಒಂದು ಖಾಲಿ ಕವರು ಕೊಂಡಿದ್ದು ನೆನಪಿದೆಯಾ? 50 ರೂಪಾಯಿ ಕೊಟ್ಟಿದ್ದೆ. ಒಳಗೆ ಪ್ಲೇಟಿಲ್ಲ, ಬರೀ ರಟ್ಟು, ಅದಕ್ಕೂ ಒಂದು ಮೂಲೆ ಇಲಿ ಕಡಿದಿತ್ತು. "ದೇವರಿಲ್ಲದ ಗುಡಿ ಕೊಂಡಂಗಾತಲ್ಲೋ" ಎಂದು ನಾನು ಬಜಾರಿನ ನಡುವೆಯೇ ನಕ್ಕಿದ್ದೆ. ನೀನು ಸಿಟ್ಟಿಗೆದ್ದು ದಾದರ್ ಬರುವ ತನಕ ಮಾತಾಡಲಿಲ್ಲ. ಆಮೇಲೆ ವಡಾಪಾವ್ ತಿನ್ನುತ್ತಾ, "ದೇವರು ಇವತ್ತಲ್ಲ ನಾಳೆ ಬರ್ತಾನ, ನೋಡ್ತಿರು" ಅಂದೆ.

ಬಂದಿದ್ದಾನೆ. ನಮ್ಮ ರಾಯಚೂರಿಗೇ ಬಂದಿದ್ದಾನೆ.

ಕಳೆದ ಗುರುವಾರ ಕೂಲರಿಗೆ ಹುಲ್ಲು ಹಾಕಿಸಬೇಕೆಂದು ತೀನ್ ಕಂದೀಲ್ ಕಡೆ ಹೋಗಿದ್ದೆ. ಶಿವರಾತ್ರಿ ಮುಗಿದದ್ದೇ ತಡ, ನಮ್ಮೂರಿನಲ್ಲಿ ಎಲ್ಲರೂ ಮೊದಲು ಮಾಡುವ ಕೆಲಸ ಅದು. ವಾಪಸ್ ಬರುವಾಗ ಗುಜರಿಯವನು ಕೈ ಬೀಸಿ ಕರೆದ. ಪ್ಲೇಟು ಬಂದರೆ ಹೇಳು ಎಂದು ಎರಡು ವರ್ಷದಿಂದ ಅವನ ತಲೆ ತಿಂದಿದ್ದೆ. "ಸರ್, ರೈಲ್ವೆದವರ ಮನಿ ಸಾಮಾನು ಬಂದೈತಿ. ನಿಮ್ಮ ಪ್ಲೇಟು ಅದಾವ ನೋಡ್ರಿ, ಒಯ್ರಿ ಅತ್ಲಾಗ" ಅಂದ.

ಒಟ್ಟು 27 ಇದ್ದವು. ಮೇಲಿನ ಆರರ ಕಥೆ ಮುಗಿದಿತ್ತು. ತಗಡಿನ ಶೆಡ್ಡಿನ ಕಾವಿಗೆ ಬಾಗಿ, ಹಂಚಿನ ಮೇಲೆ ಉಬ್ಬಿದ ರೊಟ್ಟಿಯ ಹಾಗೆ ಎದ್ದು ಕೂತಿದ್ದವು. ಅಡಿಯಲ್ಲಿ 78ರ ಪ್ಲೇಟುಗಳು, ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯವು. ಅವು ಅರಗಿನವು. ಕೈ ಜಾರಿದರೆ ಹಪ್ಪಳದ ಹಾಗೆ ಚೂರು. ಮಲ್ಲಿಕಾರ್ಜುನ ಮನ್ಸೂರರದ್ದು ಒಂದಿತ್ತು. ಅಂಚಿನಿಂದ ನಡುವಿನ ತೂತಿನವರೆಗೂ ಸೀಳು. ಅದನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ನೆ ನಿಂತಿದ್ದೆ.

ಗುಜರಿಯವನು ದಡ್ಡನೇನಲ್ಲ. ಹಿಂದಿ ಸಿನಿಮಾದವನ್ನು ಮೊದಲೇ ಬೇರೆ ಎತ್ತಿಟ್ಟಿದ್ದ, ಒಂದಕ್ಕೆ 400 ರೂಪಾಯಿ. ಬಾಗಿದವು ಬೆಂಗಳೂರಿಗೆ ಹೋಗುತ್ತವಂತೆ, ಗೋಡೆ ಗಡಿಯಾರ ಮಾಡಲಿಕ್ಕೆ. ಭಜನೆಯವಕ್ಕೆ ಮಾತ್ರ 30 ರೂಪಾಯಿ. "ಭಜನಿ ಎಲ್ಲಾ ಮೊಬೈಲ್‌ನ್ಯಾಗ ಬರ್ತಾವ್ರಿ ಈಗ. ಇವನ್ನ ಯಾರೂ ಒಯ್ಯಂಗಿಲ್ಲ."

ಭಜನೆಯ ಕವರುಗಳು ಐದಿದ್ದವು. ಪ್ಲೇಟು ಹೇಗಿದೆ ನೋಡೋಣ ಎಂದು ಮೂರನೆಯದರಿಂದ ಹೊರಗೆಳೆದೆ. ನಡುವೆ ಎಚ್‌ಎಂವಿ ಕಂಪನಿಯ ನಾಯಿ ಮಾರ್ಕು. ಅದರ ಮೇಲೆ ಯಾರೋ ನೀಲಿ ಪೆನ್ನಿನಿಂದ ಇಂಗ್ಲಿಷಿನ 'ಡಿ' ಅಕ್ಷರ ಬರೆದಿದ್ದಾರೆ. ಕೆಳಗೆ ಶಂಕರ್-ಜೈಕಿಶನ್ ಎಂದಿದೆ, ಹಿಂದಿ ಸಿನಿಮಾ ಸಂಗೀತದ ಜೋಡಿ. ಅರೆ, ಭಜನೆಗೂ ಇವರಿಗೂ ಏನು ಸಂಬಂಧ ಎಂದುಕೊಂಡು ಬೆರಳಿನಿಂದ ಧೂಳು ಒರೆಸಿದೆ. 'ರಾಗಾ ಜಾಝ್ ಸ್ಟೈಲ್.'

ನಿನ್ನ ಕವರಿನ ಪ್ಲೇಟು, ದೋಸ್ತ!

ಮುಖ ಬಿಗಿಹಿಡಿದೆ. ನೀನೇ ಕಲಿಸಿದ್ದಲ್ವಾ, ಬೇಕಾದದ್ದನ್ನು ಕೆಳಗಿಟ್ಟು ಬೇಡವಾದದ್ದಕ್ಕೆ ಚೌಕಾಸಿ ಮಾಡಬೇಕು ಅಂತ. ಪಕ್ಕದಲ್ಲಿದ್ದ ಒಂದು ಕೆಟ್ಟ ರೇಡಿಯೊ ಎತ್ತಿ ಹತ್ತು ನಿಮಿಷ ಜಗ್ಗಾಡಿದೆ. ಕೊನೆಗೆ ರೇಡಿಯೊ ಬಿಟ್ಟು, ಸಪ್ಪೆ ಮುಖ ಮಾಡಿ, ಐದೂ ಭಜನೆ ತಗೊಂಡೆ. 150 ರೂಪಾಯಿ. ಸೀಳಿದ ಮನ್ಸೂರರಿಗೆ ಎಷ್ಟು ಎಂದು ಕೇಳಿದರೆ, "ಒಡೆದದ್ದಕ್ಕ ರೊಕ್ಕ ಯಾಕ್ರಿ" ಎಂದು ಮೇಲಿಟ್ಟು ಕೊಟ್ಟ. ಅವನಿಗೆ ನಿಜ ಹೇಳಬೇಕಿತ್ತೇನೋ. ಹೇಳಲಿಲ್ಲ. ನೀನು ಈ ವಿಷಯದಲ್ಲಿ ಭಾಷಣ ಬಿಗಿಯಬೇಡ. ಗದಗಿನ ಆ ಅಜ್ಜಿಯ ಮನೆಯಿಂದ ಅಮೆರಿಕದ ಜಾಝ್ ವಾದಕ ಆರ್ಮ್‌ಸ್ಟ್ರಾಂಗ್ ಪ್ಲೇಟು ಹೇಗೆ ತಂದೆ ಎನ್ನುವುದು ನನಗೆ ಚೆನ್ನಾಗಿ ಗೊತ್ತು.

ಸಾಕ್ಷಿಗಳಾಗಿ ಓದುತ್ತಿರುವವರಿಗೆ ಇದರಲ್ಲಿ ಅಂಥದ್ದೇನಿದೆ ಎಂದು ಹೇಳಿಬಿಡುತ್ತೇನೆ, ನೀನು ಬೇಕಾದರೆ ಹಾರಿಸು. ಸಿನಿಮಾ ಹಾಡಿನ ಶಂಕರ್-ಜೈಕಿಶನ್ 1968ರಲ್ಲಿ ಮಾಡಿದ ಎಲ್‌ಪಿ, ಅಂದರೆ ಹೆಚ್ಚು ಹೊತ್ತು ಓಡುವ ಪ್ಲೇಟು, ಇದು. 11 ರಾಗ, 11 ತುಣುಕು. ಹಾಡುವವರಿಲ್ಲ. ಸಿತಾರ್ ರಯೀಸ್ ಖಾನರದ್ದು, ಸ್ಯಾಕ್ಸೊಫೋನ್ ಮನೋಹರಿ ಸಿಂಗ್ ಅವರದ್ದು, ಡ್ರಮ್ಸ್ ಲೆಸ್ಲಿ ಗೊಡಿನ್ಹೊ ಅವರದ್ದು. ತೋಡಿಯಿಂದ ಶುರು, ಭೈರವಿಯಲ್ಲಿ ಮುಕ್ತಾಯ, ನಮ್ಮ ಕಡೆಯ ಕಛೇರಿಯ ಹಾಗೆ. ಮುಂಬೈಯಲ್ಲಿ ಆಗ ಗೋವಾದ ವಾದಕರ ದೊಡ್ಡ ಪಡೆಯೇ ಇತ್ತು. ಹಗಲು ಸಿನಿಮಾ ಸ್ಟುಡಿಯೊ, ರಾತ್ರಿ ಹೋಟೆಲಿನಲ್ಲಿ ಜಾಝ್. ಚಿಕ್ ಚಾಕೊಲೇಟ್ ಎಂದು ಹೆಸರಿಟ್ಟುಕೊಂಡು ಟ್ರಂಪೆಟ್ ಊದುತ್ತಿದ್ದ ಆಂಟೋನಿಯೊ ಝೇವಿಯರ್ ವಾಝ್ ಅವರನ್ನು ಭಾರತದ ಲೂಯಿ ಆರ್ಮ್‌ಸ್ಟ್ರಾಂಗ್ ಎಂದೇ ಕರೆಯುತ್ತಿದ್ದರು. ಅಂಥವರೆಲ್ಲ ಸಿನಿಮಾ ಹಾಡಿನ ಹಿಂದೆ ಹೆಸರಿಲ್ಲದೆ ಊದಿದರು. ಈ ಪ್ಲೇಟಿನಲ್ಲಿ ಮಾತ್ರ ಆ ಬಳಗ ಹಾಡಿನ ಮುಂದೆ ಬಂದು ಕೂತಿದೆ. ಇದಾಗಿ ಮೂರು ವರ್ಷಕ್ಕೆ, 1971ರಲ್ಲಿ, ಜೈಕಿಶನ್ ತೀರಿಕೊಂಡರು.

ನೀನು ಈಗ ಏನು ಕೇಳುತ್ತೀಯ ಗೊತ್ತು. "ಕಿವಿ ಐತೇನು?" ಇಲ್ಲಪ್ಪ, ಇದು ನಿನ್ನ ಬ್ಲೂ ನೋಟ್ ಅಲ್ಲ. ಅಮೆರಿಕದ ಆ ಜಾಝ್ ಪ್ಲೇಟಿನ ಕಂಪನಿ ಶುರುವಾಗಿದ್ದು 1939ರಲ್ಲಿ. ಅವರ ಹಳೇ ಪ್ಲೇಟುಗಳಲ್ಲಿ ಗೆರೆ ಮುಗಿದು ಲೇಬಲ್ ಶುರುವಾಗುವ ನುಣುಪು ಜಾಗದಲ್ಲಿ ಪ್ಲಾಸ್ಟಿಲೈಟ್ ಕಾರ್ಖಾನೆಯ 'ಪಿ' ಅಕ್ಷರ ಇರುತ್ತದೆ, ನೋಡಲಿಕ್ಕೆ ಥೇಟ್ ಕಿವಿ. ಲೇಬಲ್ ಮೇಲೆ ಕಂಪನಿಯ ಯಾವ ವಿಳಾಸವಿದೆ ಎನ್ನುವುದರ ಮೇಲೆ ಬೆಲೆ ಏರಿಳಿಯುತ್ತದೆ ಎಂದು ನೀನು ಮೊದಲ ಸಲ ಹೇಳಿದಾಗ ನಾನು ನಂಬಿರಲಿಲ್ಲ. ಅವುಗಳಲ್ಲಿ ಎಷ್ಟೋ ರೆಕಾರ್ಡ್ ಆಗಿದ್ದು ಅವನ್ನು ರೆಕಾರ್ಡ್ ಮಾಡುತ್ತಿದ್ದ ರೂಡಿ ವ್ಯಾನ್ ಗೆಲ್ಡರ್ ಅವರ ಅಪ್ಪ-ಅಮ್ಮನ ಮನೆಯ ನಡುಮನೆಯಲ್ಲಿ, ರೂಡಿಯವರ ಹೊಟ್ಟೆಪಾಡು ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡುವುದು ಅನ್ನುವುದನ್ನು ಮಾತ್ರ ಕೂಡಲೇ ನಂಬಿದೆ. ಅದು ನಮ್ಮೂರಿನಲ್ಲೂ ಆಗಬಹುದಾದ ಕೆಲಸ.

ನಮ್ಮ ಕಡೆಯದಕ್ಕೆ ಬೇರೆಯೇ ರುಚಿ ಇದೆ ದೋಸ್ತ. ಬೇರೆ ದೇಶಗಳು 78ರ ಪ್ಲೇಟನ್ನು ಕೈಬಿಟ್ಟ ಮೇಲೂ ಕಲ್ಕತ್ತೆಯ ದಮ್ ದಮ್ ಕಾರ್ಖಾನೆ ಒತ್ತುತ್ತಲೇ ಇತ್ತು. ಕರೆಂಟೇ ಇಲ್ಲದ ಊರುಗಳಲ್ಲಿ ಕೀಲಿ ಕೊಟ್ಟು ತಿರುಗಿಸುವ ಗ್ರಾಮಫೋನೇ ಗತಿಯಾಗಿತ್ತು. ಹಾಗಾಗಿ ಇಂಗ್ಲೆಂಡಿನ ಬೀಟಲ್ಸ್‌ನವರ ಹಾಡೂ ಇಲ್ಲಿ ಅರಗಿನ ಪ್ಲೇಟಿನಲ್ಲಿ ಬಂತು. ಈಗ ಅದಕ್ಕೆ ಲಂಡನ್ನಿನವರು ಬಾಯಿ ಬಿಡುತ್ತಾರೆ. ಇನ್ನು ಟೆಡ್ಡಿ ವೆದರ್‌ಫೋರ್ಡ್. ಅಮೆರಿಕದಿಂದ ಬಂದು ಮುಂಬೈ ತಾಜ್ ಹೋಟೆಲಿನಲ್ಲಿ ಪಿಯಾನೊ ನುಡಿಸಿ, ಕಲ್ಕತ್ತೆಯಲ್ಲಿ ಪ್ಲೇಟು ಕೊಟ್ಟು, 1945ರಲ್ಲಿ ಅಲ್ಲೇ ಕಾಲರಾದಿಂದ ತೀರಿಕೊಂಡವರು. ಅವರದೊಂದು ಸಿಗಲಿ ಎಂದು ನೀನು ಹರಕೆ ಹೊತ್ತಿದ್ದೀಯಲ್ಲ, ಅದೂ ಯಾವುದಾದರೂ ಭಜನೆ ಕವರಿನೊಳಗೆ ಇರಬಹುದು. ಇನ್ನು ಮೇಲೆ ಕವರು ನೋಡಿ ಬಿಡಬೇಡ, ಪ್ಲೇಟು ಎಳೆದು ನೋಡು.

ಸರಿ, ಮನೆಗೆ ತಂದೆ. ತಂದ ಕೂಡಲೇ ಹಾಕಲಿಲ್ಲ. ಕಿಟಕಿಯ ಬೆಳಕಿಗೆ ಓರೆ ಹಿಡಿದು ನೋಡಿದೆ. ಗೆರೆಗಳ ನಡುವೆ ಬಿಳಿ ಬೂಸ್ಟು, ಆದರೆ ಬಾಗಿಲ್ಲ. ತೂತಿನ ಸುತ್ತ ಸಣ್ಣ ಗೀಚುಗಳು ಎರಡೋ ಮೂರೋ ಅಷ್ಟೇ. ಹೆಚ್ಚು ಹಾಕಿದ ಪ್ಲೇಟಾದರೆ ಆ ಜಾಗ ಕೋಳಿ ಕೆದರಿದ ಹಾಗಿರುತ್ತದೆ, ಪ್ರತಿ ಸಲ ಕೂರಿಸುವಾಗ ಕಡ್ಡಿ ತಾಗಿ ತಾಗಿ. ಇದನ್ನು ಕೊಂಡವರು ಒಂದೆರಡು ಸಲ ಕೇಳಿ, ಇದೇನು ಎಂದು ಎತ್ತಿಟ್ಟಿರಬೇಕು. ನಮ್ಮ ಬೋರಿನ ನೀರು ಮುಟ್ಟಿಸಿದರೆ ಉಪ್ಪು ಕೂರುತ್ತದೆ, ಅದಕ್ಕೆ ಫಿಲ್ಟರ್ ನೀರು, ಪಾತ್ರೆ ತೊಳೆಯುವ ಸೋಪಿನ ಎರಡು ಹನಿ, ಅವ್ವನ ಹಳೇ ಪತ್ತಲದ ಮೆತ್ತನೆ ತುಂಡು. ಲೇಬಲ್ ನೆನೆಯದಂತೆ ಅದರ ಮೇಲೆ ಸ್ಟೀಲ್ ಬಟ್ಟಲು ಬೋರಲು ಹಾಕಿ, ಗೆರೆ ಹೋದ ದಿಕ್ಕಿಗೇ ಒರೆಸಿದೆ. ಬಟ್ಟೆ ಬೂದಿ ಬಣ್ಣಕ್ಕೆ ತಿರುಗಿತು. ಆಮೇಲೆ ನೆರಳಿನಲ್ಲಿ, ಪಾತ್ರೆ ಸ್ಟ್ಯಾಂಡಿನಲ್ಲಿ, ಎರಡು ಗಂಗಾಳದ ನಡುವೆ ನಿಲ್ಲಿಸಿದೆ. ಅವ್ವ ಊಟಕ್ಕೆ ಗಂಗಾಳ ಎಂದುಕೊಂಡು ಅದಕ್ಕೇ ಕೈ ಹಾಕಿದ್ದಳು!

ಮುಳ್ಳು ಇಟ್ಟೆ. ತೋಡಿ ಬಂತು. ನಿಜ ಹೇಳಲಾ? ಮೊದಲಿಗೆ ಬೇಸರವಾಯಿತು. ಜಂಬಲದಿನ್ನಿ ರಂಗಮಂದಿರದಲ್ಲಿ ಅಪ್ಪನ ತೊಡೆಯ ಮೇಲೆ ಕೂತು ಕಛೇರಿ ಕೇಳಿ ಬೆಳೆದವನು ನಾನು. ಮಾಲ್‌ಕಂಸ್ ಅಂದರೆ ನಡುರಾತ್ರಿ, ಒಂದು ಗಂಟೆಯಾದರೂ ಬೇಕು. ಇಲ್ಲಿ ಎಲೆ-ಅಡಿಕೆ ಹಾಕಿಕೊಳ್ಳುವುದರೊಳಗೆ ಮುಗಿಯಿತು. ಎರಡನೇ ಸಲ ಕೇಳಿದಾಗ ಸಿತಾರ್ ಬಿಟ್ಟು ಡ್ರಮ್ಸ್ ಕಡೆ ಕಿವಿ ಕೊಟ್ಟೆ. ಆಗ ದಾರಿ ಸಿಕ್ಕಿತು. ಅಲ್ಲಿ ರಾಗ ಬೆಳೆಸುವ ಆಸೆಯೇ ಇಲ್ಲ. ರಾಗವನ್ನು ಹಿಡಿದುಕೊಂಡು ಓಡುವ ಆಟ ಅದು. ಸಿತಾರ್ ಓಡುತ್ತದೆ, ಸ್ಯಾಕ್ಸೊಫೋನ್ ಬೆನ್ನು ಹತ್ತುತ್ತದೆ.

ಜೈಜೈವಂತಿಯ ಮೇಲೆ ಒಂದು ಗೀರಿದೆ. ನಿಮಿಷಕ್ಕೆ 33⅓ ಸುತ್ತಿನ ಪ್ಲೇಟು, ಸುತ್ತಿಗೆ 1.8 ಸೆಕೆಂಡು. ಸರಿಯಾಗಿ 1.8 ಸೆಕೆಂಡಿಗೊಮ್ಮೆ 'ಟಕ್' ಅನ್ನುತ್ತದೆ. ಮೊದಲು ಹೊಟ್ಟೆ ಉರಿಯಿತು. ಈಗ ಆ ಟಕ್ ಇಲ್ಲದೆ ಕೇಳಿದರೆ ಯಾರೋ ಒಬ್ಬರು ಎದ್ದು ಹೋದ ಹಾಗೆ ಅನಿಸುತ್ತದೇನೋ. ನಿನಗೆ ಇದು ಇಷ್ಟವಾಗಲಿಕ್ಕಿಲ್ಲ, ಮೊದಲೇ ಹೇಳಿಬಿಟ್ಟಿದ್ದೇನೆ.

ಅವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಶಿವರಂಜನಿ ಬಂದಾಗ ಸದ್ದು ನಿಂತಿತು. ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. "ಈ ಬ್ಯಾಂಡಿನವರು ಯಾವೂರವರು? ಕ್ಲಾರಿಯೊನೆಟ್ಟು ಭಾಳ ಚಂದ ಊದ್ತಾನ" ಅಂದಳು. ಕ್ಲಾರಿಯೊನೆಟ್ ಅಲ್ಲವ್ವ, ಸ್ಯಾಕ್ಸೊಫೋನ್ ಅಂದೆ. "ಯಾವುದಾದ್ರೇನು, ಮದುವಿಗೆ ಇಂಥವರನ್ನ ಕರಸ್ಬೇಕು." ಅಲ್ಲಿಂದ ದಿನಾ ರೊಟ್ಟಿ ಹೊತ್ತಿಗೆ ಆ ಬ್ಯಾಂಡು ಹಚ್ಚು ಅನ್ನುತ್ತಾಳೆ.

ಇದು ರಾಯಚೂರಿಗೆ ಹೇಗೆ ಬಂತು ಎಂದು ಮೂರು ದಿನ ತಲೆ ಕೆಡಿಸಿಕೊಂಡೆ. ರೈಲ್ವೆಯವರ ಮನೆ ಅಂದನಲ್ಲ, ಉತ್ತರ ಅಲ್ಲೇ ಇರಬೇಕು. ಮುಂಬೈ ಕಡೆಯಿಂದ ಬಂದ ಹಳಿ, ಮದ್ರಾಸಿನ ಕಡೆಯಿಂದ ಬಂದ ಹಳಿ, ಎರಡೂ 1871ರಲ್ಲಿ ಕೂಡಿದ್ದು ನಮ್ಮ ರಾಯಚೂರಿನಲ್ಲೇ. ಮುಂಬೈಯಲ್ಲಿ ಡ್ಯೂಟಿ ಮುಗಿಸಿದ ಯಾವನೋ ಗಾರ್ಡು ಅಂಗಡಿಗೆ ಹೋಗಿ ಹೊಸ ಶಂಕರ್-ಜೈಕಿಶನ್ ಕೊಡಿ ಎಂದಿರಬೇಕು. ಸಿನಿಮಾ ಹಾಡು ಎಂದುಕೊಂಡು ತಂದು, ಮನೆಯವರನ್ನೆಲ್ಲ ಕೂರಿಸಿ ಹಚ್ಚಿರಬೇಕು. ಹಾಡು ಬರುತ್ತದೆ ಎಂದು ಕಾದು ಕಾದು, ಮಕ್ಕಳು ಎದ್ದು ಹೋಗಿರಬೇಕು! ಇದೆಲ್ಲ ನನ್ನ ಊಹೆ. ಆ ನೀಲಿ ಪೆನ್ನಿನ 'ಡಿ' ಯಾರು ಎಂದು ಗುಜರಿಯವನಿಗೂ ಗೊತ್ತಿಲ್ಲ. ಆ ಭಜನೆಯ ಪ್ಲೇಟು ಎಲ್ಲಿ ಹೋಯಿತೋ ಅದೂ ಗೊತ್ತಿಲ್ಲ.

ತಪ್ಪು ಕವರು ಅಂದರೆ ಕಡಿಮೆ ಎಂದುಕೊಳ್ಳಬೇಡ. ಅಮೆರಿಕದ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ರ 1959ರ 'ಕೈಂಡ್ ಆಫ್ ಬ್ಲೂ' ಪ್ಲೇಟಿನ ಶುರುವಿನ ಪ್ರತಿಗಳಲ್ಲಿ ಎರಡನೇ ಬದಿಯ ಎರಡು ತುಣುಕಿನ ಹೆಸರು ಅದಲು ಬದಲಾಗಿ ಅಚ್ಚಾಗಿದ್ದವು ಎಂದು ಅವನ್ನೇ ಹುಡುಕುವವರಿದ್ದಾರೆ, ನೀನೇ ಹೇಳಿದ್ದು.

ಈಗ ವ್ಯವಹಾರಕ್ಕೆ ಬರೋಣ. ನಿನ್ನ ಹತ್ತಿರ ಗುಡಿ, ನನ್ನ ಹತ್ತಿರ ದೇವರು. ಮಾರುವ ಮಾತಿಲ್ಲ. ಕವರು ನನಗೆ ಕೊಡು ಅಂದರೆ ನೀನು ಕೊಡುವ ಪೈಕಿ ಅಲ್ಲ, ಪ್ಲೇಟು ನಿನಗೆ ಕೊಡುವಷ್ಟು ದೊಡ್ಡ ಮನಸ್ಸು ನನಗೂ ಇಲ್ಲ. ಅದಕ್ಕೊಂದು ಪಂಚಾಯ್ತಿ ಮಾಡಿದ್ದೇನೆ. ಇಲ್ಲಿ ಬಿಸಿಲು ಈಗಲೇ ಶುರುವಾಗಿದೆ. ಏಪ್ರಿಲ್ ಬಂದರೆ ನಮ್ಮ ಮಾಳಿಗೆ ಮನೆಯ ಕಪಾಟಿನಲ್ಲಿ ಪ್ಲೇಟು ಇಡುವುದೂ ಒಂದೇ, ಹಂಚಿನ ಮೇಲೆ ಇಡುವುದೂ ಒಂದೇ. ಬೇಸಿಗೆಯಷ್ಟು ಎರಡೂ ನಿನ್ನ ಹುಬ್ಬಳ್ಳಿಯಲ್ಲಿರಲಿ, ಅಲ್ಲಿ ಸಂಜೆಗಾದರೂ ಗಾಳಿ ಬೀಸುತ್ತದೆ. ಮಳೆ ಬಿದ್ದ ಮೇಲೆ ಎರಡೂ ಇಲ್ಲಿಗೆ. ಯುಗಾದಿವರೆಗೆ ನನ್ನ ಹತ್ತಿರ, ಆಮೇಲೆ ಮತ್ತೆ ನಿನ್ನ ಹತ್ತಿರ. ವರ್ಷಕ್ಕೆರಡು ಸಲ ಒಬ್ಬರ ಮನೆಗೆ ಒಬ್ಬರು ಹೋದ ಹಾಗೂ ಆಯಿತು.

ಈ ಯುಗಾದಿಯೊಳಗೆ ಬಾ. ಗಂಗಾವತಿ, ಸಿಂಧನೂರು ಮೇಲೆ ಬರುವ ಬಸ್ಸು ಹಿಡಿ, ರಾತ್ರಿಯದ್ದೇ ಹಿಡಿ, ಹಗಲು ಕಾವಿರುತ್ತದೆ. ಕವರನ್ನು ಎರಡು ರಟ್ಟಿನ ನಡುವೆ ಇಟ್ಟು ತಾ, ಇಲಿ ಕಡಿದ ಮೂಲೆಗೆ ಸೆಲ್ಲೋಟೇಪು ಹಚ್ಚಬೇಡ. ಹೋಗುವಾಗ ಪ್ಲೇಟನ್ನು ತೊಡೆಯ ಮೇಲೆ ನಿಲ್ಲಿಸಿ ಹಿಡಿದುಕೊಂಡೇ ಹೋಗಬೇಕು, ಮೇಲೆ ಲಗೇಜಿನ ಜಾಗದಲ್ಲಿ ಇಟ್ಟರೆ ನಮ್ಮ ದೋಸ್ತಿ ಮುಗಿಯಿತು.

ಅವ್ವನಿಗೆ ಇನ್ನೂ ಹೇಳಿಲ್ಲ, ಬೇಸಿಗೆಯಲ್ಲಿ ಬ್ಯಾಂಡು ಹುಬ್ಬಳ್ಳಿಗೆ ಹೋಗುತ್ತದೆ ಎಂದು. ಅದನ್ನು ನೀನೇ ಬಂದು ಹೇಳು.

ನಿನ್ನ ದೋಸ್ತ,
ರಾಯಚೂರು