ಕಾಣಿಕೆ ಯಾರ ಮನೆಗೆ?

ಸಂಪಾದಕರೇ,

ಕಳೆದ ಭಾನುವಾರ ಮಂಡ್ಯದ ನಮ್ಮ ಸುವಾರ್ತಾ ಸಭೆಯಲ್ಲಿ (ಚರ್ಚಿನಲ್ಲಿ) ಹೊಸ ಸ್ಪೀಕರ್‌ಗೆಂದು ಕಾಣಿಕೆ ಎತ್ತಿದರು. ಪಕ್ಕದಲ್ಲಿದ್ದ ವಿಧವೆಯೊಬ್ಬರು ಸೆರಗಿನ ಗಂಟು ಬಿಚ್ಚಿ, ಮಡಿಚಿದ 20 ರೂಪಾಯಿ ನೋಟು ಹಾಕಿದರು. ಅವರ ಮಗ ಹಾಸಿಗೆ ಹಿಡಿದು ತಿಂಗಳಾಯಿತು. ಸಭೆಯಿಂದ ಯಾರೂ ಹೋಗಿ ನೋಡಿಲ್ಲ. ನಾನೂ ಹೋಗಿರಲಿಲ್ಲ.

ಕ್ರಿ.ಶ. 155ರ ಸುಮಾರಿಗೆ ರೋಮ್‌ನಲ್ಲಿದ್ದ ಕ್ರೈಸ್ತ ಲೇಖಕ ಜಸ್ಟಿನ್ ಆಗಿನ ಕ್ರೈಸ್ತರ ಭಾನುವಾರದ ಕೂಟದ ಬಗ್ಗೆ ಬರೆದಿದ್ದಾರೆ. ಓದು, ಪ್ರಾರ್ಥನೆ, ರೊಟ್ಟಿ, ದ್ರಾಕ್ಷಾರಸ. ಬರಲಾಗದವರ ಮನೆಗೂ ರೊಟ್ಟಿ ಕಳಿಸುತ್ತಿದ್ದರು. ಉಳ್ಳವರು ಮನಸ್ಸು ಬಂದಷ್ಟು ಕೊಡುತ್ತಿದ್ದರು. ಆ ದುಡ್ಡು ಅನಾಥರಿಗೆ, ವಿಧವೆಯರಿಗೆ, ಕಾಯಿಲೆಯವರಿಗೆ, ಸೆರೆಯಲ್ಲಿದ್ದವರಿಗೆ ಹೋಗುತ್ತಿತ್ತು.

ನಮ್ಮ ಹಾಡು, ಉತ್ಸಾಹ ನನಗೂ ಇಷ್ಟವೇ. ಆದರೆ ಆ 20 ರೂಪಾಯಿ ಅವರ ಮನೆಗೇ ಹೋಗಬೇಕಿತ್ತು, ಅಲ್ವಾ? ತಿಂಗಳಿಗೊಂದು ಭಾನುವಾರದ ಕಾಣಿಕೆಯನ್ನಾದರೂ ಹಿರಿಯರು ಇಂಥ ಮನೆಗಳಿಗೆ ಎತ್ತಿಡಲಿ.

– ನಿವೃತ್ತ ಶಿಕ್ಷಕಿ, ಮಂಡ್ಯ