ಬೇಡ ಎನ್ನಲಾಗದವಳ ಕತೆ ಬರೆಯುವಾಗ

ನಲ್ಮೆಯ ತಂಗಿಗೆ,

ಕತೆಯ ಕರಡು ಓದಿದೆ. ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿ ತನ್ನ ಆರನೆಯ ಹೆಂಡತಿ ಕ್ಯಾಥರೀನ್ ಪಾರ್‌ಳ ಹಿಂದೆ ಬಿದ್ದ 1543ರ ಆ ನಾಲ್ಕೈದು ತಿಂಗಳನ್ನೇ ಆರಿಸಿಕೊಂಡದ್ದು ಧೈರ್ಯದ ಕೆಲಸ. ಅವನ ಎರಡನೆಯ ಹೆಂಡತಿ ಆನ್ ಬೊಲಿನ್ ಕತೆ ಬರೆಯುವವರಿಗೆ ರಾಜನೇ ಬರೆದ 17 ಪ್ರೇಮಪತ್ರಗಳಿವೆ, ಇವತ್ತಿಗೂ ವ್ಯಾಟಿಕನ್ ಗ್ರಂಥಾಲಯದಲ್ಲಿವೆ. ನಿನಗೆ ಆ ಅನುಕೂಲವಿಲ್ಲ. ಈ ಪ್ರಣಯದಲ್ಲಿ ಅವನು ಏನು ಕೇಳಿದ, ಅವಳು ಏನು ಉತ್ತರ ಕೊಟ್ಟಳು ಎಂಬುದರ ಒಂದು ಸಾಲೂ ಉಳಿದಿಲ್ಲ. ಮೂರನೇ ಪುಟದಲ್ಲಿ ನೀನು ಎಡವಿದ್ದು ಅದಕ್ಕೇ.

ಅಲ್ಲಿ ನಿನ್ನ ನಾಯಕಿ ರಾಜನಿಗೆ ಎದುರು ನಿಂತು "ನನ್ನ ಮನಸ್ಸು ಬೇರೊಬ್ಬನಲ್ಲಿದೆ" ಅನ್ನುತ್ತಾಳೆ. ಆ ಪುಟ ಹೊಡೆದುಹಾಕು. ಓದುವಾಗ ಮೈ ಜುಮ್ಮೆನ್ನುತ್ತದೆ, ನಿಜ. ಆದರೆ 1543ರ ಇಂಗ್ಲೆಂಡಿನಲ್ಲಿ ಆ ಮಾತು ಹೊರಬಿದ್ದಿದ್ದರೆ ಅವಳಿಗಿಂತ ಮೊದಲು ಅಪಾಯಕ್ಕೆ ಸಿಲುಕುತ್ತಿದ್ದವನು ಆ ಬೇರೊಬ್ಬನೇ. ಹಿಂದಿನ ವರ್ಷ, 1542ರ ಫೆಬ್ರವರಿ 13ರಂದು, ಐದನೆಯ ರಾಣಿ ಕ್ಯಾಥರೀನ್ ಹೋವರ್ಡ್‌ಳ ತಲೆ ಉರುಳಿತ್ತು. ಅವಳನ್ನು ಶಿಕ್ಷಿಸಲು ತಂದ ಕಾಯಿದೆಯಲ್ಲೇ ಇನ್ನೊಂದು ಕಲಮು ಸೇರಿಕೊಂಡಿತು: ಕನ್ಯೆಯಲ್ಲದವಳು ತನ್ನ ಪೂರ್ವಕತೆ ಮುಚ್ಚಿಟ್ಟು ರಾಜನನ್ನು ಮದುವೆಯಾದರೆ ಅದು ರಾಜದ್ರೋಹ, ಗೊತ್ತಿದ್ದೂ ಬಾಯಿ ಬಿಡದ ಉಳಿದವರಿಗೂ ಶಿಕ್ಷೆ. ಇದಾದ ಮೇಲೆ ಆ ಪಟ್ಟಕ್ಕೆ ಆಸೆಪಡುವ ಹೆಂಗಸರು ಆಸ್ಥಾನದಲ್ಲಿ ಹೆಚ್ಚು ಮಂದಿ ಇರಲಾರರು ಎಂದು ಪವಿತ್ರ ರೋಮನ್ ಚಕ್ರವರ್ತಿ ಐದನೇ ಚಾರ್ಲ್ಸ್‌ನ ರಾಯಭಾರಿ ಶಾಪ್ವಿ ಒಂದು ಪತ್ರದಲ್ಲಿ ಕುಟುಕಿದ್ದಾನೆ. ನಿನ್ನ ಕತೆಗೆ ಈ ಕಲಮು ಮುಖ್ಯ. ಎರಡು ಸಲ ವಿಧವೆಯಾದವಳಲ್ಲಿ ಕನ್ಯತ್ವದ ಪ್ರಶ್ನೆಯೇ ಏಳುವುದಿಲ್ಲ. ರಾಜನ ಕಣ್ಣು ಅವಳ ಮೇಲೆ ಬೀಳಲು ಇದೂ ಒಂದು ಕಾರಣ ಎಂದು ನೀನು ತೋರಿಸಬಹುದು, ಬಾಯಿಬಿಟ್ಟು ಹೇಳದೆ.

ಹಾಗಾದರೆ ಅವಳ ಒಲ್ಲದ ಮನಸ್ಸನ್ನು ಎಲ್ಲಿ ಇಡುವುದು? ಅದಕ್ಕೆ ಅವಳದೇ ಸಾಕ್ಷಿ ಇದೆ, ತಡವಾಗಿ ಬಂದದ್ದು. ಹೆನ್ರಿ ಸತ್ತದ್ದು 1547ರ ಜನವರಿ 28ರಂದು. ಆ ಬಳಿಕ ಅವಳು ಥಾಮಸ್ ಸೀಮೋರ್‌ನಿಗೆ, ಅಂದರೆ ಆ ಬೇರೊಬ್ಬನಿಗೆ, ಬರೆದ ಪತ್ರವೊಂದು ಉಳಿದಿದೆ. ಅದರ ಸಾರಾಂಶ ಹೀಗೆ: ನನ್ನ ಈ ಒಲವು ದಿಢೀರನೆ ಹುಟ್ಟಿದ್ದಲ್ಲ, ಹಿಂದಿನ ಸಲ ನಾನು ಸ್ವತಂತ್ರಳಾಗಿದ್ದಾಗಲೇ ಬೇರೆ ಯಾರಿಗಿಂತಲೂ ಮೊದಲು ನಿನ್ನನ್ನೇ ಮದುವೆಯಾಗಬೇಕೆಂದು ಮನಸ್ಸು ಗಟ್ಟಿಮಾಡಿದ್ದೆ, ಆದರೆ ದೇವರು ನನ್ನ ಇಚ್ಛೆಯನ್ನು ಬಹಳ ಕಟುವಾಗಿ ತಡೆದ, ಅಸಾಧ್ಯ ಎನಿಸಿದ್ದನ್ನು ಸಾಧ್ಯಮಾಡಿದ, ನನ್ನ ಇಚ್ಛೆಯನ್ನು ಬಿಟ್ಟು ಅವನ ಇಚ್ಛೆಯ ಹಿಂದೆ ಹೋಗುವಂತೆ ಮಾಡಿದ.

ಜಗಳ ನಡೆದದ್ದು ಯಾರ ಜೊತೆ ನೋಡು. ರಾಜನ ಜೊತೆ ಅಲ್ಲ, ದೇವರ ಜೊತೆ. ನಿನ್ನ ಕತೆಯ ದೊಡ್ಡ ದೃಶ್ಯ ಪ್ರಾರ್ಥನೆಯ ಕೋಣೆಯಲ್ಲಿದೆ, ತೋಟದಲ್ಲಿಲ್ಲ. ಇದಕ್ಕೆ ಕಾಲವೂ ಒದಗಿ ಬರುತ್ತದೆ. ಅದೇ 1543ರಲ್ಲಿ ಪಾರ್ಲಿಮೆಂಟು ಇಂಗ್ಲಿಷ್ ಬೈಬಲ್ ಓದುವುದಕ್ಕೆ ಕಡಿವಾಣ ಹಾಕಿತು. ಸಾಮಾನ್ಯ ಹೆಂಗಸರು ಓದಕೂಡದು. ಕುಲೀನ ಸ್ತ್ರೀಯರು ಓದಬಹುದು, ಆದರೆ ಒಬ್ಬರೇ, ತಮ್ಮಷ್ಟಕ್ಕೆ, ಬೇರೆಯವರಿಗೆ ಓದಿ ಹೇಳುವಂತಿಲ್ಲ. ಅವಳು ಪುಸ್ತಕ ಹಿಡಿದು ಒಂಟಿಯಾಗಿ ಕೂತಿರುವುದಕ್ಕೆ ನೀನು ಬೇರೆ ನೆಪ ಹುಡುಕಬೇಕಾಗಿಲ್ಲ, ಕಾನೂನೇ ಕೊಟ್ಟಿದೆ.

ಇದಕ್ಕೆ ಎದುರಾಗಿ ಇನ್ನೊಂದು ಪತ್ರ ಇದೆ. ಮದುವೆಯಾದ ಎಂಟನೇ ದಿನ, 1543ರ ಜುಲೈ 20ರಂದು, ತಮ್ಮ ವಿಲಿಯಂಗೆ ಬರೆದದ್ದು. ರಾಜನ ಮನಸ್ಸು ನನ್ನ ಕಡೆ ತಿರುಗುವಂತೆ ದೇವರು ಮಾಡಿದ, ಈ ಲೋಕದಲ್ಲಿ ನನಗೆ ಇದಕ್ಕಿಂತ ದೊಡ್ಡ ಸಂತೋಷ ಇಲ್ಲ ಎನ್ನುತ್ತಾಳೆ. ಹೊಸಬರು ಇಂಥ ಕಡೆ ಎರಡರಲ್ಲಿ ಒಂದನ್ನು ಸುಳ್ಳು ಎಂದು ತಳ್ಳಿ ಮುಂದೆ ಹೋಗುತ್ತಾರೆ. ಹಾಗೆ ಮಾಡಬೇಡ. ಮೊದಲನೆಯದು ರಾಜ ಸತ್ತಮೇಲೆ ಪ್ರಿಯಕರನಿಗೆ ಬರೆದದ್ದು, ಅಲ್ಲಿ ಅವನನ್ನು ಒಲಿಸುವ ಅಗತ್ಯವೂ ಇತ್ತು. ಎರಡನೆಯದು ರಾಣಿಯಾಗಿ ಬರೆದದ್ದು, ದಾರಿಯಲ್ಲಿ ಯಾರು ಬೇಕಾದರೂ ಒಡೆದು ಓದಬಹುದಾದದ್ದು. ಎರಡರಲ್ಲೂ ದೇವರ ಹೆಸರೇ ಬರುತ್ತದೆ. ಅವಳ ಮನಸ್ಸಿನ ಒಳದಾರಿ ನಿನಗೆ ಸಿಗುವುದು ಅಲ್ಲೇ.

ಇನ್ನು ತಾರೀಕುಗಳು. ಒಂದು ಉದ್ದ ಹಾಳೆಯಲ್ಲಿ ಫೆಬ್ರವರಿಯಿಂದ ಜುಲೈವರೆಗೆ ಗೆರೆ ಎಳೆದು, ದಾಖಲೆ ಇರುವುದನ್ನು ಶಾಯಿಯಲ್ಲಿ, ನೀನು ಕಲ್ಪಿಸಿದ್ದನ್ನು ಪೆನ್ಸಿಲ್‌ನಲ್ಲಿ ಬರೆ. ಮಾರ್ಚ್ ಆರಂಭದಲ್ಲಿ ಎರಡನೆಯ ಗಂಡ ಲಾರ್ಡ್ ಲ್ಯಾಟಿಮರ್ ತೀರಿಕೊಂಡ. ಹೂಳಿದ್ದು ಲಂಡನ್ನಿನ ಸೇಂಟ್ ಪಾಲ್ಸ್‌ನಲ್ಲಿ. ಏಪ್ರಿಲ್‌ನಲ್ಲಿ ತಮ್ಮ ವಿಲಿಯಂಗೆ ಗಾರ್ಟರ್ ಪದವಿ, ರಾಜ ಕೊಡುವ ಅತಿ ದೊಡ್ಡ ನೈಟ್ ಗೌರವ. ಮೇ ತಿಂಗಳಲ್ಲಿ ಸೀಮೋರ್ ಬ್ರಸೆಲ್ಸ್‌ಗೆ. ಜೂನ್ 20ರ ಒಂದು ಪತ್ರದಲ್ಲಿ ಆಸ್ಥಾನಿಕ ಜಾನ್ ಡಡ್ಲಿ, ಲೇಡಿ ಲ್ಯಾಟಿಮರ್ (ನಿನ್ನ ನಾಯಕಿಯೇ) ಮತ್ತು ಅವಳ ತಂಗಿ ಆನ್ ಹರ್ಬರ್ಟ್ ಇಬ್ಬರೂ ರಾಜಕುಮಾರಿಯರ ಜೊತೆ ಆಸ್ಥಾನದಲ್ಲಿದ್ದಾರೆ ಎನ್ನುತ್ತಾನೆ. ಜುಲೈ 10ಕ್ಕೆ ಆರ್ಚ್‌ಬಿಷಪ್ ಕ್ರ್ಯಾನ್ಮರ್ ಕೊಟ್ಟ ಪರವಾನಗಿ, ಚರ್ಚಿನಲ್ಲಿ ಮುಂಚಿತವಾಗಿ ಸಾರದೆಯೇ ಮದುವೆಯಾಗಬಹುದು ಎಂದು. ಜುಲೈ 12ಕ್ಕೆ ಮದುವೆ. ಶಾಯಿಯಲ್ಲಿ ಬರೆಯಬಹುದಾದದ್ದು ಇಷ್ಟೇ, ಉಳಿದದ್ದೆಲ್ಲ ನಿನ್ನ ಪೆನ್ಸಿಲ್ಲು.

ತಾರೀಕು ಹಾಕುವಾಗ ಒಂದು ಗುಂಡಿ ಇದೆ, ಬಹಳ ಜನ ಬಿದ್ದಿದ್ದಾರೆ. ಆಗ ಇಂಗ್ಲೆಂಡಿನಲ್ಲಿ ವರ್ಷ ಬದಲಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಹಾಗಾಗಿ ಮೂಲ ಕಾಗದದಲ್ಲಿ "1542 ಫೆಬ್ರವರಿ" ಅಂತಿದ್ದರೆ ನಮ್ಮ ಲೆಕ್ಕಕ್ಕೆ ಅದು 1543. ಇದನ್ನು ಮರೆತರೆ ಗಂಡ ಸಾಯುವ ಒಂದು ವರ್ಷ ಮೊದಲೇ ಪ್ರಣಯ ಶುರುವಾಗಿಬಿಡುತ್ತದೆ. ದಿನದ ಲೆಕ್ಕದಲ್ಲೂ 10 ದಿನ ವ್ಯತ್ಯಾಸ: ಅವರ ಜುಲೈ 12 ಎಂದರೆ ಋತುವಿನ ಪ್ರಕಾರ ನಮ್ಮ ಜುಲೈ 22. ಸಂಜೆ ದೀಪ ಹಚ್ಚುವ ದೃಶ್ಯ ಬರೆಯುವಾಗ ನೆನಪಿರಲಿ, ಅಲ್ಲಿ ಆ ಕಾಲದಲ್ಲಿ 8ರ ಹೊತ್ತಿಗೂ ಬೆಳಕಿರುತ್ತದೆ.

ಆ ಫೆಬ್ರವರಿಯ ದರ್ಜಿಯ ಬಿಲ್ಲನ್ನು ನೀನು ಸಂಭ್ರಮದಿಂದ ಬಳಸಿದ್ದೀಯ. ಲೇಡಿ ಲ್ಯಾಟಿಮರ್ ಹೆಸರಿನಲ್ಲಿ ಇಟಲಿ, ವೆನಿಸ್, ಫ್ರೆಂಚ್ ಮಾದರಿಯ ಉಡುಪುಗಳು. ಗಂಡ ಇನ್ನೂ ಬದುಕಿದ್ದಾನೆ. ರಾಜನೇ ಹೊಲಿಸಿಕೊಟ್ಟ ಎಂದು ಹಲವರು ಓದಿದ್ದಾರೆ, ಹಾಗಲ್ಲ ಎಂದು ಇನ್ನು ಕೆಲವರು ವಾದಿಸಿದ್ದಾರೆ. ಬಟ್ಟೆ ವಿವರಕ್ಕೆ ಧಾರಾಳವಾಗಿ ಬಳಸಿಕೋ. ಆದರೆ ಇಡೀ ಪ್ರಣಯವನ್ನು ಆ ಚೀಟಿಯ ಮೇಲೆ ಕಟ್ಟಬೇಡ. ಸೀಮೋರ್‌ನನ್ನು ಹೊಟ್ಟೆಕಿಚ್ಚಿಗೆ ರಾಜನೇ ಗಡೀಪಾರು ಮಾಡಿದ ಎಂಬುದೂ ಇದೇ ಜಾತಿಯದು. ಆ ವರ್ಷ ಫೆಬ್ರವರಿಯಲ್ಲಿ ಹೆನ್ರಿ ಫ್ರಾನ್ಸ್ ವಿರುದ್ಧ ಚಕ್ರವರ್ತಿಯ ಜೊತೆ ಒಪ್ಪಂದ ಮಾಡಿಕೊಂಡಿದ್ದ, ಬ್ರಸೆಲ್ಸ್ ಆಗ ಸೇರಿದ್ದ, ಚಕ್ರವರ್ತಿಯ ಆಳ್ವಿಕೆಯ ನೆದರ್ಲೆಂಡ್ಸ್‌ಗೆ ರಾಯಭಾರಿ ಬೇಕೇ ಇತ್ತು. ಹಾಗೆಯೇ ವಿಲಿಯಂ ಪಾರ್ ಕೂಡ ಸ್ಕಾಟ್ಲೆಂಡ್ ಗಡಿಯಲ್ಲಿ ಕೆಲಸಕ್ಕಿದ್ದವನು, ಗಾರ್ಟರ್ ಅವನಿಗೆ ಅದಕ್ಕೂ ಸಂದಿರಬಹುದು. ಇಂಥ ಎರಡು ಅರ್ಥದ ಸಂಗತಿ ಕತೆಗಾರರಿಗೆ ಲಾಭವೇ: ನಿನ್ನ ನಾಯಕಿಗೂ ಖಚಿತವಾಗಿ ಗೊತ್ತಿಲ್ಲ ಅಂತ ಬರೆ. ಸೀಮೋರ್ ಹಡಗು ಹತ್ತಿದ ಸುದ್ದಿ ಅವಳ ಕಿವಿಗೆ ಬೀಳಲಿ, ಯಾಕೆ ಎಂದು ಅವಳು ಯಾರನ್ನೂ ಕೇಳಕೂಡದು. ಕೇಳದಿರುವುದರಲ್ಲೇ ಆ ದೃಶ್ಯ ಮುಗಿಯಲಿ.

ಜಾಗದ ವಿಷಯದಲ್ಲಿ ದೊಡ್ಡ ತಪ್ಪು ಒಂದಿದೆ. ಹ್ಯಾಂಪ್ಟನ್ ಕೋರ್ಟ್‌ನ ಬೇಲಿಗಿಡಗಳ ಚಕ್ರವ್ಯೂಹದಲ್ಲಿ ಇಬ್ಬರನ್ನೂ ಸುತ್ತಾಡಿಸಿದ್ದೀಯ. ಆ ಚಕ್ರವ್ಯೂಹ ನೆಟ್ಟದ್ದು 1700ರ ಆಸುಪಾಸಿನಲ್ಲಿ, ಮೂರನೇ ವಿಲಿಯಂನ ಕಾಲದಲ್ಲಿ. ಅದರ ಬದಲು ಒಳಪ್ರಾಂಗಣದ ಖಗೋಳ ಗಡಿಯಾರ ಬಳಸು, ಅದು 1540ರದು. ಗಂಟೆ, ತಿಂಗಳು, ದಿನ, ಚಂದ್ರನ ಕಲೆ ಎಲ್ಲ ತೋರಿಸುತ್ತದೆ. ಜೊತೆಗೆ ಲಂಡನ್ ಸೇತುವೆಯ ಬಳಿ ನದಿಗೆ ಭರತ ಬರುವ ಹೊತ್ತನ್ನೂ. ಥೇಮ್ಸ್‌ನಲ್ಲಿ ನಾವೆಯ ಪ್ರಯಾಣಕ್ಕೆ ಅದು ಗೊತ್ತಿರಬೇಕಿತ್ತು. ಇಲ್ಲಿಂದ ಹೊರಟುಬಿಡಬೇಕು ಅನ್ನಿಸಿದವಳು ನಿಂತು ನೋಡಲು ಇದಕ್ಕಿಂತ ಒಳ್ಳೆಯ ಗಡಿಯಾರ ಸಿಗದು.

ಇಬ್ಬರನ್ನೇ ಏಕಾಂತದಲ್ಲಿ ಬಿಡುವ ಚಪಲ ಕಡಿಮೆ ಮಾಡು. ಅರಮನೆ ಎಂದರೆ ಒಂದರೊಳಗೊಂದು ಕೋಣೆಗಳ ಸಾಲು: ದೊಡ್ಡ ಸಭಾಂಗಣ, ಕಾವಲುಗಾರರ ಕೋಣೆ, ದರ್ಶನದ ಕೋಣೆ, ಅದರಾಚೆ ರಾಜನ ಖಾಸಗಿ ಕೋಣೆ. ಪ್ರತಿ ಬಾಗಿಲಲ್ಲೂ ಯಾರು ಒಳಗೆ ಹೋಗಬಹುದು ಎಂದು ನೋಡುವವರಿದ್ದಾರೆ. ಖಾಸಗಿ ಕೋಣೆಯಲ್ಲೂ ರಾಜ ಒಬ್ಬನೇ ಇರುವುದಿಲ್ಲ, ಪರಿಚಾರಕರು ಇದ್ದೇ ಇರುತ್ತಾರೆ. ಲೇಡಿ ಲ್ಯಾಟಿಮರ್ ಇದ್ದದ್ದು ರಾಜಕುಮಾರಿ ಮೇರಿಯ ಬಳಗದಲ್ಲಿ. ರಾಜ ಮಗಳನ್ನು ನೋಡುವ ನೆಪದಲ್ಲಿ ಬರಲಿ. ನಾಲ್ಕಾರು ಹೆಂಗಸರು ಎದ್ದು ನಿಲ್ಲಲಿ. ಮಾತು ಮೇರಿಯ ಜೊತೆ, ನೋಟ ಇನ್ನೊಂದು ಕಡೆ. ಮೇರಿಗೆ ಆಗ 27, ನಾಯಕಿಗೆ 31ರ ಆಸುಪಾಸು. ಮಲತಾಯಿಯಾಗಲಿರುವವಳು ಗೆಳತಿಯ ಪ್ರಾಯದವಳು ಎಂಬುದನ್ನು ಮೇರಿಯ ಮುಖದಲ್ಲಿ ಒಮ್ಮೆಯಾದರೂ ತೋರಿಸು. ರಾಜನ ಇನ್ನಿಬ್ಬರು ಮಕ್ಕಳಲ್ಲಿ ಎಲಿಜಬೆತ್‌ಗೆ 9, ಎಡ್ವರ್ಡ್‌ಗೆ 5.

ಹೆನ್ರಿಯನ್ನು ರಾಕ್ಷಸ ಮಾಡಿಬಿಟ್ಟಿದ್ದೀಯ. ಕಾಲಿನ ಹುಣ್ಣು ನಿಜ, 50 ಅಂಗುಲ ದಾಟಿದ ನಡುವೂ ನಿಜ. ಆದರೆ ಪ್ರತಿ ಪುಟದಲ್ಲೂ ಹುಣ್ಣಿನ ವಾಸನೆ ಬಂದರೆ ಓದುಗರಿಗೆ ಅವಳ ಸಂಕಟ ಸುಲಭವಾಗಿಬಿಡುತ್ತದೆ, ಯಾರಾದರೂ ಬೇಡ ಎನ್ನುತ್ತಾರಪ್ಪ ಎಂದು. ಅವನು ಸಂಗೀತ ಬಲ್ಲವನು, ದೇವತಾಶಾಸ್ತ್ರ ಚರ್ಚಿಸಬಲ್ಲವನು, ಮನಸ್ಸು ಮಾಡಿದರೆ ಎದುರಿನವರನ್ನು ಮೋಡಿ ಮಾಡಬಲ್ಲವನು. ಮದುವೆಗೆ ಎರಡು ವಾರ ಮೊದಲು ಅವನಿಗೆ 52 ತುಂಬಿತು. ಅವನ ಮಾತು ಹಿತವಾಗಿರಲಿ. ಭಯ ಅವಳ ನೆನಪಿನಿಂದ ಬರಲಿ: 1537ರ ಜನವರಿಯಲ್ಲಿ ಉತ್ತರದ ದಂಗೆಕೋರರು ಯಾರ್ಕ್‌ಶೈರ್‌ನ ಸ್ನೇಪ್ ಕೋಟೆಗೆ ನುಗ್ಗಿ ಅವಳನ್ನೂ ಲ್ಯಾಟಿಮರ್‌ನ ಮಕ್ಕಳನ್ನೂ ಒತ್ತೆಯಿಟ್ಟುಕೊಂಡರು, ಇತ್ತ ಗಂಡ ದಂಗೆಕೋರರ ಜೊತೆ ಸೇರಿದ್ದನೆಂಬ ಗುಮಾನಿ ರಾಜನಿಗೆ. ರಾಜನ ಅನುಮಾನ ಎಂದರೆ ಏನೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವಳನ್ನು ಮುದಿ ಗಂಡಂದಿರ ಆರೈಕೆಗೇ ಹುಟ್ಟಿದ ದಾದಿ ಮಾಡುವುದನ್ನೂ ಬಿಡು. ಮೊದಲ ಗಂಡ ಎಡ್ವರ್ಡ್ ಬರೋನನ್ನು ಮುದುಕ ಎಂದು ಬರೆದಿದ್ದೀಯ. ಹಳೆಯ ಲೇಖಕರು ಅವನನ್ನು ಅದೇ ಹೆಸರಿನ ಅಜ್ಜನ ಜೊತೆ ಗೊಂದಲ ಮಾಡಿಕೊಂಡದ್ದರ ಫಲ ಅದು. ಅವಳ ಗಂಡ ಹರೆಯದವನೇ. ರಾಜನ ಕಾಲಿಗೆ ಪಟ್ಟಿ ಕಟ್ಟಲು ವೈದ್ಯರ ದಂಡೇ ಇತ್ತು. ಇವಳಿಗೆ ಇಷ್ಟವಾದದ್ದು ಕಡುಗೆಂಪು ಬಟ್ಟೆ, ಹೊಸ ಜೋಡುಗಳು, ಸಂಗೀತ, ನೃತ್ಯ. 1545ರಲ್ಲಿ ತನ್ನ ಹೆಸರಿನಲ್ಲೇ ಪ್ರಾರ್ಥನೆಗಳ ಪುಸ್ತಕ ಅಚ್ಚು ಹಾಕಿಸಿದವಳು. "ನಿಮ್ಮ ಹೆಂಡತಿಯಾಗುವುದಕ್ಕಿಂತ ಉಪಪತ್ನಿಯಾಗುವುದೇ ಮೇಲು" ಎಂಬ ಮಾತನ್ನು ಅವಳ ಬಾಯಲ್ಲಿ ಇಟ್ಟವರು ಬಹಳ ತಡವಾಗಿ ಬಂದ ಲೇಖಕರು, ತೆಗೆದುಹಾಕು. ಅದೇ ಜಾಗದಲ್ಲಿ ನಾಲ್ಕನೆಯ ರಾಣಿ ಆನ್ ಆಫ್ ಕ್ಲೀವ್ಸ್ ಆಡಿದಳೆಂದು ಶಾಪ್ವಿ ವರದಿ ಮಾಡಿದ ಮಾತು ಇಡಬಹುದು: ಕ್ಯಾಥರೀನ್ ತಲೆಯ ಮೇಲೆ ಒಳ್ಳೆಯ ಹೊರೆಯನ್ನೇ ಹೊತ್ತುಕೊಂಡಳು, ಅಂತ.

ಸಣ್ಣಪುಟ್ಟವು: ಊಟದಲ್ಲಿ ಆಲೂಗಡ್ಡೆ, ಟೊಮೆಟೊ, ಚಹಾ ಇರಕೂಡದು. ಮಾಂಸಕ್ಕೆ ಚಾಕು ಮತ್ತು ಬೆರಳು, ಫೋರ್ಕ್ ಬೇಡ. ಸಂಭಾಷಣೆಯಲ್ಲಿ ನಾಟಕ ಕಂಪನಿಯ "ಮಹಾಪ್ರಭೂ" ಸಾಕು ಮಾಡು. ಒಂದು ಸಲ "ಪ್ರಭು", ಆಮೇಲೆ ಬಹುವಚನದ ಕ್ರಿಯಾಪದಗಳೇ ಗೌರವ ನೋಡಿಕೊಳ್ಳುತ್ತವೆ. ಹೆಸರುಗಳಿಂದ ನಮ್ಮ ಓದುಗರಿಗೆ ತಲೆ ಕೆಡುತ್ತದೆ, ರಾಣಿಯರಲ್ಲೇ ಮೂವರು ಕ್ಯಾಥರೀನ್, ಇಬ್ಬರು ಆನ್. ಮದುವೆಯವರೆಗೂ ಇವಳನ್ನು ಲೇಡಿ ಲ್ಯಾಟಿಮರ್ ಎಂದೇ ಕರೆ. ಆಗ ಆಸ್ಥಾನ ಕರೆಯುತ್ತಿದ್ದದ್ದೂ ಹಾಗೆಯೇ. ರಾಣಿಯಾದ ಮೇಲೆ ಸಹಿಯ ಕೊನೆಗೆ "ಕೆ.ಪಿ." ಎಂದು ತವರಿನ ಅಕ್ಷರವನ್ನೂ ಸೇರಿಸುತ್ತಿದ್ದಳು. ಅದನ್ನು ಎಲ್ಲಿಯಾದರೂ ಬಳಸಿಕೋ, ಒತ್ತಿ ಹೇಳಬೇಡ.

ಮದುವೆಯ ದೃಶ್ಯಕ್ಕೆ ನೀನು ಗಂಟೆ, ತುತ್ತೂರಿ, ಜನಸಾಗರ ತಂದಿದ್ದೀಯ. ನಡೆದದ್ದು ಹ್ಯಾಂಪ್ಟನ್ ಕೋರ್ಟ್‌ನ ಮಹಡಿಯ ಮೇಲೆ, ರಾಣಿಯ ಖಾಸಗಿ ಪ್ರಾರ್ಥನಾ ಕೋಣೆಯಲ್ಲಿ, ಸುಮಾರು 20 ಜನರ ಎದುರು. ಮಂತ್ರ ಹೇಳಿಸಿದವನು ಬಿಷಪ್ ಸ್ಟೀಫನ್ ಗಾರ್ಡಿನರ್. ಮೂರು ವರ್ಷದ ಬಳಿಕ ಅವಳನ್ನು ಸೆರೆಗೆ ತಳ್ಳಲು ಹೊಂಚು ಹಾಕಿದನೆಂದು ಎಲಿಜಬೆತ್ ಕಾಲದ ಬರಹಗಳು ಹೇಳುವ ಅದೇ ಮನುಷ್ಯ. ಮೇರಿ, ಎಲಿಜಬೆತ್, ತಂಗಿ ಆನ್ ಅಲ್ಲಿದ್ದಾರೆ. ಸೀಮೋರ್‌ನ ಅಣ್ಣನೂ ಇದ್ದಾನೆ, ಅವನನ್ನು ನೀನು ಗಮನಿಸಿಯೇ ಇಲ್ಲ! ನೋಟರಿ ರಿಚರ್ಡ್ ವಾಟ್‌ಕಿನ್ಸ್ ಎಲ್ಲವನ್ನೂ ದಾಖಲಿಸಿದ್ದಾನೆ. ಬಿಷಪ್ ಪ್ರಶ್ನೆ ಕೇಳಿದಾಗ ರಾಜ ನಗುಮುಖದಿಂದ "ಹೌದು" ಎಂದ ಎಂದು ಬರೆದವನು, ಅವಳ ಸರದಿ ಬಂದಾಗ ತನ್ನ ಇಚ್ಛೆಯೂ ಅದೇ ಎಂದಳು ಎಂದಷ್ಟೇ ಬರೆಯುತ್ತಾನೆ. ಅವಳ ಮುಖದ ಬಗ್ಗೆ ಮಾತಿಲ್ಲ. ಆಮೇಲೆ ರಾಜ ಅವಳ ಬಲಗೈ ಹಿಡಿಯುತ್ತಾನೆ, ಬಿಷಪ್ ಹೇಳಿಕೊಟ್ಟಂತೆ ಹೇಳುತ್ತಾನೆ. ಅವಳ ಪ್ರಮಾಣದಲ್ಲಿ ಹಾಸಿಗೆಯಲ್ಲೂ ಊಟದ ಮೇಜಿನಲ್ಲೂ ಹಸನ್ಮುಖಿಯಾಗಿ ವಿಧೇಯಳಾಗಿ ಇರುತ್ತೇನೆ ಎಂಬ ಸಾಲಿದೆ. ಉಂಗುರ, ಚಿನ್ನ ಬೆಳ್ಳಿಯ ಕಾಣಿಕೆ.

ನೋಟರಿ ಬಿಟ್ಟ ಜಾಗವನ್ನು ನೀನೂ ತುಂಬಬೇಡ. ಕಣ್ಣೀರು, ನಿಟ್ಟುಸಿರು ಎರಡೂ ತೆಗೆ. ತಿದ್ದಿದ ಪ್ರತಿ ಕಳಿಸುವಾಗ ತಾರೀಕಿನ ಹಾಳೆಯನ್ನೂ ಜೊತೆಗಿಡು, ಪೆನ್ಸಿಲ್ ಗುರುತು ಅಳಿಸದೆ.

ಇಂತಿ,
ನಿನ್ನ ಅಕ್ಕ