ಎಪ್ಪತ್ತೆರಡು ಫೋನ್ ಕರೆ

ಪ್ರೀತಿಯ ತಮ್ಮಾ,

ನಿನ್ನ ಹಸ್ತಪ್ರತಿ ಬಂದು ಮೂರು ವಾರವಾಯಿತು. ಎರಡು ಸಲ ಓದಿದೆ. ಅಧ್ಯಾಯ ಎಲ್ಲಿ ಮುರಿಯಬೇಕು, ಪ್ರಕಾಶಕರನ್ನು ಹೇಗೆ ಹಿಡಿಯಬೇಕು ಅಂತೆಲ್ಲ ಕೇಳಿದ್ದೀಯ. ಅದನ್ನು ಯಾರಾದರೂ ಹೇಳಿಕೊಡುತ್ತಾರೆ, ಬಿಡು. ನನಗೆ ಸಿಟ್ಟು ಬಂದಿದ್ದು ನಿನ್ನ ಪತ್ರದ ಕೊನೆ ಸಾಲಿಗೆ. ‘ಓದುಗರು ತುಂಬ ಬೇಜಾರು ಮಾಡಿಕೊಂಡರು ಸರ್, ಅದಕ್ಕೇ ಹುಡುಗನನ್ನು ಬದುಕಿಸಿಬಿಟ್ಟೆ.’

ಬೇಜಾರಾಗಲಿ ಅಂತಲೇ ಅಲ್ವಾ ಅವನು ಸತ್ತಿದ್ದು?

ಬ್ಯಾಟ್‌ಮ್ಯಾನ್ ಓದಿ ಬೆಳೆದವನು ಅಂತ ಬರೆದಿದ್ದೀಯ. ಹಾಗಾದರೆ ಜೇಸನ್ ಟಾಡ್ ಗೊತ್ತಿರಬೇಕು. ನನಗೆ ಅವನನ್ನು ಪರಿಚಯ ಮಾಡಿಸಿದ್ದು ಮೊಮ್ಮಗ, ಅದೂ ಹಿಂದುಮುಂದಾಗಿ. ಮೊದಲು ಗೇಮ್, ಆಮೇಲೆ ಅನಿಮೇಷನ್ ಸಿನಿಮಾ, ಕೊನೆಗೆ ಕಾಮಿಕ್ಸ್. ನೀನು ಕಾಮಿಕ್ಸ್‌ನಿಂದಲೇ ಶುರು ಮಾಡು.

1988ರ ಕಥೆ. ಬ್ಯಾಟ್‌ಮ್ಯಾನ್‌ನ ಜೊತೆಗಾರ ರಾಬಿನ್, ಆ ವೇಷ ತೊಟ್ಟ ಎರಡನೇ ಹುಡುಗ ಜೇಸನ್. ಮುಂಗೋಪಿ. ತುಂಬ ಓದುಗರಿಗೆ ಅವನು ಹಿಡಿಸಿರಲಿಲ್ಲ. ಹೆತ್ತ ತಾಯಿಯನ್ನು ಹುಡುಕುತ್ತಾ ಇಥಿಯೋಪಿಯಾ ತನಕ ಹೋಗುತ್ತಾನೆ. ತಾಯಿ ಸಿಗುತ್ತಾಳೆ, ಅವಳೇ ಅವನನ್ನು ಬ್ಯಾಟ್‌ಮ್ಯಾನ್‌ನ ಕಡುವೈರಿ ಜೋಕರ್ ಕೈಗೆ ಒಪ್ಪಿಸುತ್ತಾಳೆ. ಕಬ್ಬಿಣದ ಸಲಾಕೆಯ ಏಟು, ಆಮೇಲೆ ಬಾಂಬು. ಬರೆದದ್ದು ಜಿಮ್ ಸ್ಟಾರ್ಲಿನ್, ಚಿತ್ರ ಜಿಮ್ ಅಪಾರೋ ಅವರದು. ಗೋದಾಮು ಸಿಡಿಯಿತು ಅನ್ನುವಲ್ಲಿಗೆ ಸಂಚಿಕೆ ಮುಗಿಸಿ, ಎರಡು ಫೋನ್ ನಂಬರ್ ಹಾಕಿದರು. ಸಾಯಲಿ ಅನ್ನುವವರಿಗೆ ಒಂದು, ಬದುಕಲಿ ಅನ್ನುವವರಿಗೆ ಇನ್ನೊಂದು. ಕರೆಗೆ 50 ಸೆಂಟ್. ಸಾಯಲಿ ಅಂದ ಕರೆ 5,343, ಬದುಕಲಿ ಅಂದದ್ದು 5,271. 72 ಕರೆಗಳ ಅಂತರದಲ್ಲಿ ಹುಡುಗ ಹೋದ. ಎರಡೂ ತರದ ಪುಟ ಮೊದಲೇ ರೆಡಿ ಇದ್ದವು!

ಅವರ ಓದುಗರು ಸಾಯಿಸು ಅಂದರು, ನಿನ್ನ ಓದುಗರು ಬದುಕಿಸು ಅಂದರು. ರೋಗ ಒಂದೇ.

ಆದರೂ ಆ ಕಾಮಿಕ್ಸ್ ನನ್ನನ್ನು ಅಲ್ಲಾಡಿಸಿತು, ಸುಳ್ಳು ಹೇಳಲಾರೆ. ಅವಶೇಷದ ನಡುವೆ ಬ್ಯಾಟ್‌ಮ್ಯಾನ್ ಹುಡುಗನನ್ನು ಎತ್ತಿಕೊಂಡಿದ್ದಾನೆ. ಸದ್ದಿಲ್ಲ. ಪುಟ ತಿರುವುವ ಬೆರಳು ನಮ್ಮದೇ, ನಾನು ತಿರುವದೆ ಎಷ್ಟೋ ಹೊತ್ತು ಕೂತಿದ್ದೆ. 2010ರ ಸಿನಿಮಾದಲ್ಲಿ ಆ ಸವಲತ್ತಿಲ್ಲ. ಸಲಾಕೆಯ ಸದ್ದು ಕಿವಿಗೆ ಬೀಳುತ್ತಲೇ ಇರುತ್ತದೆ. 2015ರ ಗೇಮಿನಲ್ಲಿ ನೀನೇ ಬ್ಯಾಟ್‌ಮ್ಯಾನ್. ನಡೆದು ಹೋಗುವಾಗ ಜೇಸನ್‌ನ ಚಿತ್ರಹಿಂಸೆ ಕಣ್ಣೆದುರು ಬರುತ್ತದೆ, ಅದನ್ನು ತಡೆಯೋಕೆ ಬಟನ್ ಇಲ್ಲ. 2020ರಲ್ಲಿ ಇನ್ನೊಂದು ಸಿನಿಮಾ ಬಂತು, ರಿಮೋಟ್ ಒತ್ತಿ ಅವನ ಗತಿ ನೀನೇ ಆರಿಸುವಂಥದ್ದು. ಉಳಿಸು ಅಂತ ಒತ್ತಿದರೆ ಬ್ಯಾಟ್‌ಮ್ಯಾನ್ ಸಾಯುತ್ತಾನೆ. ನನ್ನ ಮೊಮ್ಮಗ ಎಲ್ಲವನ್ನೂ ಒತ್ತಿ ನೋಡಿದ, ಆಮೇಲೆ ಊಟಕ್ಕೆ ಎದ್ದ.

‘ಅವರೂ ಜೇಸನ್‌ನನ್ನು ಎಬ್ಬಿಸಿದರಲ್ಲ ಸರ್’ ಅಂತೀಯ. ಹೌದು, ಎಬ್ಬಿಸಿದರು. ಹತ್ತಿರ ಹತ್ತಿರ 17 ವರ್ಷ ಸತ್ತೇ ಇದ್ದ, ಆಮೇಲೆ. ಕಾಮಿಕ್ಸ್‌ನಲ್ಲಿ ಕೊಟ್ಟ ಕಾರಣ ಕೇಳಿದರೆ ನಗ್ತೀಯ. ಬೇರೆ ಯಾವನೋ ಲೋಕದ ಗೋಡೆಗೇ ಗುದ್ದಿದ, ಇವನು ಗೋರಿಯೊಳಗೆ ಕಣ್ಣು ಬಿಟ್ಟ! ಆದರೆ ಎದ್ದವನು ಏನು ಕೇಳಿದ ಗೊತ್ತಾ? ನನ್ನನ್ನು ಯಾಕೆ ಉಳಿಸಲಿಲ್ಲ ಅಂತಲ್ಲ. ನನ್ನನ್ನು ಕೊಂದವನು ಇನ್ನೂ ಯಾಕೆ ಬದುಕಿದ್ದಾನೆ ಅಂತ. ಬ್ಯಾಟ್‌ಮ್ಯಾನ್ ಹತ್ತಿರ ಅದಕ್ಕೆ ಜೇಸನ್ ಒಪ್ಪುವಂಥ ಉತ್ತರವಿಲ್ಲ. ನಿನ್ನ ಹುಡುಗನೋ, ಎದ್ದು ಹಲ್ಲುಜ್ಜಿ ಕಾಫಿ ಕುಡಿಯುತ್ತಾನೆ.

ಇಷ್ಟು ರೇಗುವುದಕ್ಕೆ ನನಗೊಂದು ಕಾರಣ ಇದೆ. ಒಂದು ಕಾಲದಲ್ಲಿ ವಾರಪತ್ರಿಕೆಯೊಂದಕ್ಕೆ ಧಾರಾವಾಹಿ ಬರೆಯುತ್ತಿದ್ದೆ. ಅದರಲ್ಲೊಬ್ಬಳು ಹುಡುಗಿ ಹೊಳೆಪಾಲಾದಳು. ಪತ್ರದ ಮೇಲೆ ಪತ್ರ ಬಂದವು. ಸಂಪಾದಕರು ಒತ್ತಾಯ ಮಾಡಲಿಲ್ಲ, ಸುಮ್ನೆ ಚೀಲ ತಂದು ಮೇಜಿನ ಮೇಲೆ ಸುರಿದರು. ಎರಡೇ ವಾರದಲ್ಲಿ ಅವಳನ್ನು ಕೆಳಗಿನ ಊರಿನ ಬೆಸ್ತರ ಮನೆಯಲ್ಲಿ ಕಣ್ಣು ಬಿಡಿಸಿದೆ. ಹೊಗಳಿಕೆ ಬಂತು, ಸಂಭಾವನೆಯೂ ಜಾಸ್ತಿಯಾಯಿತು. ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದ ಹಿರಿಯರೊಬ್ಬರು ಮಾತ್ರ ಬಾಗಿಲಲ್ಲಿ ನಿಲ್ಲಿಸಿ ಕೇಳಿದರು, ‘ಸ್ವಾಮಿ, ಅವಳ ಸಾವು ಜೋಡಿಸುವಾಗ ಎರಡು ಸಲ ಕಣ್ಣೊರೆಸಿಕೊಂಡಿದ್ದೆ. ಈಗ ಅದನ್ನೇನು ಮಾಡ್ಲಿ?’

ಏನೂ ಹೇಳದೆ ಬಂದೆ. ಆ ಧಾರಾವಾಹಿಯನ್ನು ಇವತ್ತಿನವರೆಗೂ ಪುಸ್ತಕ ಮಾಡಿಲ್ಲ.

ನಿನ್ನ ಹಳೆಯ ಕೊನೆಯನ್ನು ಅಳಿಸಿಲ್ಲ ತಾನೇ? ಆಸ್ಪತ್ರೆ ಮೆಟ್ಟಿಲ ಮೇಲೆ ತಂಗಿ ಅವನ ಚಪ್ಪಲಿ ಹಿಡಿದು ಕೂತಿದ್ದಳು ಅಂತ ಬರೆದಿದ್ದೀಯಲ್ಲ, ಆ ಪುಟ. ಇದ್ದರೆ ಕಳಿಸು. ಪ್ರಿಂಟ್ ತೆಗೆಸಿ ಕಳಿಸು ಮಾರಾಯ, ಫೋನಿನಲ್ಲಿ ಓದೋಕೆ ನನ್ನ ಕಣ್ಣು ಕೇಳುವುದಿಲ್ಲ.